ಕಂಪ್ರೆಸರ್ ಒಂದನ್ನೇ ಬದಲಾಯಿಸಿ ಕೊಡುತ್ತೇವೆ ಅಂದರೆ ಒಪ್ಪಬೇಡಿ

ಹಳೇ ಕಾರಿನ ಎಸಿ ಕಂಪ್ರೆಸರ್ (ಎಸಿ ಗ್ಯಾಸನ್ನು ಒತ್ತಿ ಸುತ್ತಿಸುವ ಯಂತ್ರ) ಹೋಗಿದೆ ಅಂತ ಗ್ಯಾರೇಜಿನವರು ಹೇಳಿದ್ದಾರಾ? ದುಡ್ಡು ಕೊಡುವ ಮೊದಲು ಇದನ್ನು ಓದಿ. ಹಳೇದನ್ನು ಬಿಚ್ಚಿ, ಇನ್ನೊಂದು ಕೂರಿಸಿ, ಗ್ಯಾಸ್ ತುಂಬಿಸಿ ಸಂಜೆಗೆ ಗಾಡಿ ಕೊಡುತ್ತೇವೆ ಅಂದರೆ ಅಲ್ಲಿ ಕಾರು ಬಿಡಬೇಡಿ. ಹಾಗೆ ಹಾಕಿಸಿಕೊಂಡ ಕಂಪ್ರೆಸರ್ ನಮ್ಮಲ್ಲಿ ಒಂದು ಬೇಸಿಗೆಯೂ ಬಾಳಲಿಲ್ಲ.

ನಮ್ಮದು 2011ರ ಸಣ್ಣ ಪೆಟ್ರೋಲ್ ಕಾರು, ಊರು ಕಲಬುರಗಿ. ಏಪ್ರಿಲ್, ಮೇನಲ್ಲಿ ಇಲ್ಲಿ 42 ಡಿಗ್ರಿ ಬಿಸಿಲು ಹೊಸದೇನಲ್ಲ. ಅಪ್ಪನಿಗೆ ವಯಸ್ಸಾಗಿದೆ, ಹೃದಯದ ತೊಂದರೆ ಬೇರೆ. ಎಸಿ ಇಲ್ಲದ ಕಾರಿನಲ್ಲಿ ಅವರನ್ನು ಮಧ್ಯಾಹ್ನ ಆಸ್ಪತ್ರೆಗೆ ಕರೆದುಕೊಂಡು ಹೋಗುವುದು ಆಗದ ಮಾತು. ಮಾರ್ಚ್ ಕೊನೆಗೆ ಎಸಿ ಹಾಕಿದರೆ ಸಾಕು, ಬಾನೆಟ್ ಒಳಗಿಂದ ಕರಕರ ಸದ್ದು ಶುರುವಾಯಿತು. ಆಮೇಲೆ ತಂಪು ಪೂರ್ತಿ ನಿಂತೇ ಹೋಯಿತು.

ಗ್ಯಾರೇಜಿನವರು ನೋಡಿ, "ಕಂಪ್ರೆಸರ್ ಜಾಮ್ ಆಗ್ಯಾದ ಸರ್. ಹೊಸಾದಕ್ಕ ಯಾಕ ಅಷ್ಟು ರೊಕ್ಕ ಹಾಕ್ತೀರಿ, ರೀಕಂಡಿಷನ್ ಪೀಸ್ ಅದ" ಅಂದರು. ಹಳೇದನ್ನೇ ರಿಪೇರಿ ಮಾಡಿದ್ದು ಅಂತ ಅರ್ಥ. ಎಸಿ ಒಳಗಿನ ತೇವ ಹೀರುವ ಡ್ರೈಯರ್ ಕೂಡ ಬದಲಾಯಿಸಬೇಕಲ್ವಾ ಅಂತ ಕೇಳಿದೆ. "ಏನೂ ಬ್ಯಾಡ್ರಿ, ಅದು ಛಲೋನೇ ಅದ" ಅಂತ ಮಾತು ಮುಗಿಸಿದರು. ಒಟ್ಟು 13,000 ರೂಪಾಯಿ ಆಯಿತು. ಬಿಲ್ ಕೇಳಿದ್ದಕ್ಕೆ ಒಂದು ಚೀಟಿಯಲ್ಲಿ ಬರೆದುಕೊಟ್ಟರು. ಅವತ್ತು ಸಂಜೆ ಗಾಳಿ ತಣ್ಣಗೇ ಬರುತ್ತಿತ್ತು. ಮೇ ಮುಗಿಯುವುದರೊಳಗೆ ಮತ್ತೆ ಅದೇ ಸದ್ದು.

ಆಗ ಬರೀ ಎಸಿ ಕೆಲಸ ಮಾಡುವ ಹಿರಿಯ ಮೆಕ್ಯಾನಿಕ್ ಒಬ್ಬರ ಬಳಿ ಹೋದೆವು. ಅವರು ಕಂಪ್ರೆಸರ್ ಪೈಪು ಬಿಚ್ಚಿ, ಒಳಗಿನ ಎಣ್ಣೆಯನ್ನು ಬಿಳಿ ಬಟ್ಟೆಗೆ ಒರೆಸಿ ನನ್ನ ಕೈಗೆ ಕೊಟ್ಟರು. ಕಾಡಿಗೆ ಹಾಗೆ ಕಪ್ಪಗಿತ್ತು. ಬಿಸಿಲಿಗೆ ಹಿಡಿದರೆ ಅದರಲ್ಲಿ ಲೋಹದ ಪುಡಿ ಮಿಣಮಿಣ ಅನ್ನುತ್ತಿತ್ತು. ಎರಡು ಬೆರಳ ನಡುವೆ ತಿಕ್ಕಿದಾಗ ತರಿತರಿ ಕೈಗೆ ಹತ್ತಿತು. ಎಕ್ಸ್‌ಪಾನ್ಷನ್ ವಾಲ್ವ್ (ಗ್ಯಾಸನ್ನು ಸಣ್ಣ ಕಿಂಡಿಯಿಂದ ಒಳಗೆ ಬಿಡುವ ಭಾಗ) ತೆಗೆದು ನೋಡಿದರೆ ಅದರ ಬಾಯಿಯೂ ಅದೇ ಕೆಸರಿನಿಂದ ಕಟ್ಟಿಕೊಂಡಿತ್ತು.

ಆದದ್ದು ಇಷ್ಟು. ಕಾರಿನ ಎಸಿಯಲ್ಲಿ ಕಂಪ್ರೆಸರ್‌ಗೆ ಬೇಕಾದ ಎಣ್ಣೆ ಗ್ಯಾಸಿನ ಜೊತೆಗೇ ಪೈಪುಗಳಲ್ಲೆಲ್ಲ ಸುತ್ತುತ್ತಿರುತ್ತದೆ. ಕಂಪ್ರೆಸರ್ ಒಳಗೇ ತಿಕ್ಕಾಡಿ ಜಾಮ್ ಆದಾಗ ಆ ಪುಡಿ ಮೊದಲು ಕಾರಿನ ಮುಂಭಾಗದಲ್ಲಿ ಗ್ಯಾಸಿನ ಬಿಸಿ ಹೊರಹಾಕುವ ಕಂಡೆನ್ಸರ್‌ಗೆ, ಅಲ್ಲಿಂದ ಡ್ರೈಯರ್‌ಗೆ, ವಾಲ್ವ್‌ಗೆ ಹೋಗಿ ಕೂರುತ್ತದೆ. ಇದನ್ನು ತೆಗೆಯದೆ ಎಂಥ ಒಳ್ಳೇ ಕಂಪ್ರೆಸರ್ ಹಾಕಿದರೂ ಅಷ್ಟೇ. ದಾರಿ ಕಟ್ಟಿಕೊಂಡು ಎಣ್ಣೆ ವಾಪಸ್ ಬರುವುದಿಲ್ಲ, ಬಂದರೂ ಪುಡಿ ಸಮೇತ ಬರುತ್ತದೆ. ಪೈಪುಗಳನ್ನು ಫ್ಲಶ್ ಮಾಡಿ ತೊಳೆಯಬಹುದು. ಆದರೆ ಈಗಿನ ಕಂಡೆನ್ಸರ್‌ಗಳ ಚಪ್ಪಟೆ ಕೊಳವೆಗಳಲ್ಲಿ ಕೂದಲೆಳೆಯಷ್ಟು ಸಣ್ಣ ದಾರಿಗಳಿರುತ್ತವೆ, ಅವು ತೊಳೆದರೆ ಪೂರ್ತಿ ಚೊಕ್ಕ ಆಗುವುದು ಕಷ್ಟ. ಕಂಪ್ರೆಸರ್ ಒಳಗೇ ಪುಡಿಯಾಗಿದ್ದರೆ ಕಂಡೆನ್ಸರ್ ಹೊಸದೇ ಹಾಕಿಸಿ ಅನ್ನುತ್ತೇನೆ.

ಡ್ರೈಯರ್ ವಿಷಯದಲ್ಲಂತೂ ರಾಜಿಯೇ ಬೇಡ. ಅದರೊಳಗೆ ತೇವ ಹೀರುವ ಕಾಳುಗಳಿರುತ್ತವೆ. ಪೈಪು ಬಿಚ್ಚಿಟ್ಟರೆ ಅವು ಹೊರಗಿನ ಗಾಳಿಯ ತೇವ ಕುಡಿದು ಮುಗಿದು ಹೋಗುತ್ತವೆ. ಎಸಿಗೆ ಹಾಕುವ ಪಿಎಜಿ ಎಣ್ಣೆಯೂ ತೇವ ಎಳೆದುಕೊಳ್ಳುವಂಥದ್ದೇ. ಒಳಗೆ ನೀರಿನಂಶ ಉಳಿದರೆ ಗ್ಯಾಸಿನ ಜೊತೆ ಸೇರಿ ಆಮ್ಲವಾಗಿ ಒಳಗಿನ ಭಾಗಗಳನ್ನು ತಿನ್ನುತ್ತದೆ. ಅದಕ್ಕೇ ಗ್ಯಾಸ್ ತುಂಬಿಸುವ ಮೊದಲು ಪಂಪು ಹಚ್ಚಿ ಅರ್ಧ ಗಂಟೆಯಾದರೂ ವ್ಯಾಕ್ಯೂಮ್ ಎಳೆಯಬೇಕು, ಅಂದರೆ ಒಳಗಿನ ಗಾಳಿ, ತೇವ ಎಲ್ಲ ಹೊರಗೆಳೆಯಬೇಕು. ಪಂಪು ನಿಲ್ಲಿಸಿದ ಮೇಲೆ ಮೀಟರ್ ಮುಳ್ಳು ಅಲ್ಲೇ ನಿಲ್ಲುತ್ತದಾ ಅಂತ ನೀವೇ ನಿಂತು ನೋಡಿ. ಮುಳ್ಳು ಏರಿದರೆ ಎಲ್ಲೋ ಸೋರಿಕೆ ಇದೆ, ಇಲ್ಲವೇ ಒಳಗೆ ತೇವ ಉಳಿದಿದೆ. ಮೊದಲ ಗ್ಯಾರೇಜಿನಲ್ಲಿ ಪಂಪು ಹೊರಗೇ ಬರಲಿಲ್ಲ.

ಗ್ಯಾಸನ್ನು ತೂಕ ಮಾಡಿ ಹಾಕಬೇಕು. ಎಷ್ಟು ಗ್ರಾಂ ಅಂತ ಹೆಚ್ಚಿನ ಕಾರುಗಳಲ್ಲಿ ಬಾನೆಟ್ ಕೆಳಗಿನ ಸ್ಟಿಕರ್ ಮೇಲೆ ಬರೆದಿರುತ್ತದೆ. ಪೈಪು ಮುಟ್ಟಿ ನೋಡಿ ಅಂದಾಜಿಗೆ ತುಂಬಿಸುವುದು ಬೇಡ, ಜಾಸ್ತಿ ಆದರೂ ಕಂಪ್ರೆಸರ್ ಮೇಲೆಯೇ ಭಾರ. ನಮ್ಮಂಥ ಕಾರುಗಳಿಗೆ ಬೇಕಾದದ್ದು ಆರ್134ಎ ಅನ್ನುವ ಗ್ಯಾಸ್. ಅದರ ಹೆಸರಿನಲ್ಲಿ ಹೊತ್ತಿಕೊಳ್ಳುವ ಗ್ಯಾಸ್ ಬೆರೆಸಿದ ಅಗ್ಗದ ಡಬ್ಬಿಗಳನ್ನೂ ಮಾರುವುದುಂಟು, ಹಾಗಾಗಿ ಸೀಲು ನಿಮ್ಮ ಎದುರಿಗೇ ಒಡೆಯಲಿ.

ಮೊದಲ ಕಂಪ್ರೆಸರ್ ಯಾಕೆ ಹೋಯಿತು ಅನ್ನೋದೂ ಆ ಹಿರಿಯರಿಂದಲೇ ಗೊತ್ತಾಯಿತು. ಪೈಪಿನ ಒಂದು ಜಾಯಿಂಟ್ ಸುತ್ತ ಎಣ್ಣೆ ಜಿಡ್ಡು, ಅದಕ್ಕೆ ಧೂಳು ಮೆತ್ತಿಕೊಂಡಿತ್ತು. ಅಲ್ಲಿನ ಓ-ರಿಂಗ್ ಗಟ್ಟಿಯಾಗಿ ಗ್ಯಾಸ್ ಸೋರುತ್ತಿತ್ತು, ಜೊತೆಗೆ ಎಣ್ಣೆಯೂ. ಎಣ್ಣೆ ಕಮ್ಮಿಯಾಗಿ ಕಂಪ್ರೆಸರ್ ಒಳಗೇ ತಿಕ್ಕಾಡಿತು. ಮೊದಲ ಗ್ಯಾರೇಜಿನವರು ಪ್ರತಿ ಬೇಸಿಗೆ "ಗ್ಯಾಸ್ ಕಮ್ಮಿ ಆಗ್ಯಾದ" ಅಂತ ತುಂಬಿಸಿ ದುಡ್ಡು ತಗೊಂಡರು. ಸೋರಿಕೆ ಮಾತ್ರ ಹುಡುಕಲಿಲ್ಲ. ಗ್ಯಾಸ್ ಪೆಟ್ರೋಲ್ ಥರ ಖರ್ಚಾಗುವ ವಸ್ತು ಅಲ್ಲ. ವರ್ಷ ವರ್ಷ ತುಂಬಿಸಬೇಕಾಗಿದೆ ಅಂದರೆ ಸೋರುತ್ತಿದೆ ಅಂತಲೇ ಅರ್ಥ. ಇದು ನನಗೆ ಇವತ್ತಿಗೂ ಸಿಟ್ಟು ತರಿಸುವ ವಿಷಯ. ಒಂದು ಸಣ್ಣ ರಬ್ಬರ್ ರಿಂಗ್ ಬದಲಾಯಿಸಿದ್ದರೆ ಮುಗಿಯುತ್ತಿತ್ತು.

ಕೊನೆಗೆ ಹೊಸ ಕಂಪ್ರೆಸರ್, ಕಂಡೆನ್ಸರ್, ಡ್ರೈಯರ್, ವಾಲ್ವ್, ಕೂಲಿ ಎಲ್ಲ ಸೇರಿ 38,000 ರೂಪಾಯಿ ಹತ್ತಿರ ಬಂತು. ಮೊದಲು ಕೊಟ್ಟ 13,000 ನೀರಿನಲ್ಲಿ ಹೋಮ. ವಾಪಸ್ ಕೇಳಲು ಹೋದರೆ ರೀಕಂಡಿಷನ್ ಮಾಲಿಗೆ ಗ್ಯಾರಂಟಿ ಇಲ್ಲ ಅಂದುಬಿಟ್ಟರು.

ಕಂಪ್ರೆಸರ್ ಹೋಗಿದೆ ಅನ್ನುವ ಮಾತನ್ನೂ ಸುಮ್ನೆ ನಂಬಬೇಡಿ. ಫ್ಯೂಸ್, ರಿಲೇ, ಪ್ರೆಷರ್ ಸ್ವಿಚ್, ಕಂಪ್ರೆಸರನ್ನು ಇಂಜಿನ್ನಿಗೆ ಜೋಡಿಸುವ ಮ್ಯಾಗ್ನೆಟ್ ಕ್ಲಚ್ ಕೆಟ್ಟರೂ ತಂಪು ನಿಲ್ಲುತ್ತದೆ, ಅವುಗಳ ಖರ್ಚು ತುಂಬಾ ಕಡಿಮೆ. ಎಣ್ಣೆ ತೋರಿಸಿ ಅಂತ ಕೇಳಿ. ಅದು ತಿಳಿಯಾಗಿದ್ದರೆ ಒಳಗೆಲ್ಲ ಪುಡಿ ಹರಡಿರುವ ಸಾಧ್ಯತೆ ಕಡಿಮೆ. ಕಪ್ಪಗಿದ್ದು ಹೊಳಪು ಕಂಡರೆ ಪೂರ್ತಿ ಕೆಲಸ ಮಾಡಿಸಿ, ಅಷ್ಟು ದುಡ್ಡು ಈಗ ಇಲ್ಲದಿದ್ದರೆ ಎಸಿ ಮುಟ್ಟದೆ ಹಾಗೇ ಬಿಡಿ, ಅರ್ಧ ಕೆಲಸ ಮಾತ್ರ ಬೇಡ. ಕಂಪ್ರೆಸರ್ ನಂಬರ್, ಡ್ರೈಯರ್, ಎಷ್ಟು ಗ್ರಾಂ ಗ್ಯಾಸ್, ವಾರಂಟಿ ಎಷ್ಟು ತಿಂಗಳು, ಎಲ್ಲವೂ ಜಿಎಸ್‌ಟಿ ಬಿಲ್ಲಿನಲ್ಲಿ ಬರಲಿ. ಹೊಸ ಕಂಪ್ರೆಸರ್ ವಾರಂಟಿ ಕೇಳುವಾಗ ಡ್ರೈಯರ್ ಬದಲಾಯಿಸಿದ ಬಿಲ್ ಎಲ್ಲಿ ಅಂತಲೂ ಕೇಳುತ್ತಾರೆ. ಮುಂದೆ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬೇಕಾಗಿ ಬಂದರೂ ಕೈಯಲ್ಲಿ ಆ ಬಿಲ್ ಇರಬೇಕು. ಬಿಚ್ಚಿದ ಹಳೇ ಸಾಮಾನು ನಿಮ್ಮದೇ, ಅದನ್ನೂ ಕೇಳಿ ತಗೊಂಡು ಬನ್ನಿ.