ಸ್ಪ್ಲೆಂಡರ್ ಆಯಿಲ್ ಚೇಂಜ್: ಶೋರೂಮಿಗಿಂತ ಮನೆಯಂಗಳ ವಾಸಿ, ಒಂದು ಕೆಲಸ ಬಿಟ್ಟು

ಸರ್ವಿಸ್ ಬಿಲ್ಲಿನಲ್ಲಿ ‘ಎಂಜಿನ್ ಆಯಿಲ್ ಬದಲಾವಣೆ’ ಎಂದಿದ್ದರೆ ಸ್ಪ್ಲೆಂಡರ್ ಪ್ಲಸ್ ಇಟ್ಟುಕೊಂಡವರು ಅಷ್ಟಕ್ಕೇ ಸಮಾಧಾನಪಡಬೇಡಿ. ಈ ಬೈಕಿಗೆ ಕಾರಿನ ಹಾಗೆ ಬಿಚ್ಚಿ ಎಸೆಯುವ ಪೇಪರ್ ಫಿಲ್ಟರ್ ಇಲ್ಲ. ಬಲಗಡೆ ಕ್ಲಚ್ ಕವರ್ ಒಳಗೆ, ಕ್ರ್ಯಾಂಕಿನ (ಪಿಸ್ಟನ್ ತಿರುಗಿಸುವ ದಂಡ) ತುದಿಯಲ್ಲಿ ಲೋಹದ ಬಟ್ಟಲೊಂದಿದೆ, ಇದೇ ಸೆಂಟ್ರಿಫ್ಯೂಗಲ್ ಫಿಲ್ಟರ್. ಎಂಜಿನ್ ಜೊತೆ ಅದೂ ಗಿರ್ರನೆ ತಿರುಗುತ್ತಾ ಆಯಿಲ್‌ನಲ್ಲಿರುವ ಭಾರದ ಕಣಗಳನ್ನು ಅಂಚಿಗೆ ಎಸೆದು ಅಲ್ಲೇ ಹಿಡಿದಿಡುತ್ತದೆ. ಕೆಳಗಿನ ಬೋಲ್ಟ್ ಬಿಚ್ಚಿ ಆಯಿಲ್ ಇಳಿಸಿದರೆ ಈ ಕೊಳೆ ಇಳಿಯುವುದಿಲ್ಲ, ಕವರ್ ತೆಗೆದೇ ಕೆರೆಯಬೇಕು. ತುಮಕೂರಿನಲ್ಲಿ ನಾನು ಬೈಕ್ ಬಿಡುತ್ತಿದ್ದ ಶೋರೂಮಿನವರು ವರ್ಷಗಟ್ಟಲೆ ಆಯಿಲ್ ಬದಲಿಸಿದರು, ಬಟ್ಟಲಿನ ತಂಟೆಗೆ ಹೋಗಲಿಲ್ಲ. ಹಳೆಯ ಬಿಲ್ಲುಗಳೇ ಸಾಕ್ಷಿ: ಕವರ್ ಬಿಚ್ಚಿದ್ದರೆ ಕ್ಲಚ್ ಕವರ್ ಗ್ಯಾಸ್ಕೆಟ್ (ಸೋರದಂತೆ ಕವರಿನಡಿ ಕೂರಿಸುವ ತೆಳು ಹಾಳೆ) ಎಂಬ ಸಾಲು ಇರಬೇಕಿತ್ತು, ಒಂದರಲ್ಲೂ ಇರಲಿಲ್ಲ. ಕೊನೆಗೆ ತೆಗೆಸಿ ನೋಡಿದಾಗ ಅಂಚಿನ ಸುತ್ತ ಉಗುರಿಗೆ ಜಗ್ಗದಷ್ಟು ಗಟ್ಟಿಯಾದ ಕಪ್ಪು ಪದರ ಕಟ್ಟಿತ್ತು.

ಬಟ್ಟಲು ತುಂಬಿದರೆ ಮುಂದಿನ ಕೊಳೆ ಹಿಡಿಯಲು ಜಾಗವಿರುವುದಿಲ್ಲ, ಅದು ಆಯಿಲ್ ಜೊತೆಗೇ ಸುತ್ತುತ್ತದೆ. ನೀವು ಎಷ್ಟೇ ದುಬಾರಿ ಆಯಿಲ್ ಹಾಕಿ, ಇದಕ್ಕೆ ಪರಿಹಾರವಲ್ಲ.

ಆಯಿಲ್ ಆಯ್ಕೆಯ ವಿಷಯ ಜನ ಅಂದುಕೊಂಡಷ್ಟು ಜಟಿಲವಿಲ್ಲ. ಕಂಪನಿ ಹೇಳುವುದು 10ಡಬ್ಲ್ಯೂ-30. ಇದು ಆಯಿಲ್ ಎಷ್ಟು ದಪ್ಪ ಎಂಬುದರ ಗುರುತು, ಅಂಕಿ ಹೆಚ್ಚಿದಷ್ಟೂ ದಪ್ಪ. ‘ಪಾವಗಡ, ಶಿರಾ ಕಡೆ ಬಿಸಿಲು ಜಾಸ್ತಿ, 20ಡಬ್ಲ್ಯೂ-40 ಹಾಕ್ಸಿ’ ಎನ್ನುವ ಮೆಕ್ಯಾನಿಕ್‌ಗಳಿದ್ದಾರೆ. ಹಳೆಯದಾಗಿ ಆಯಿಲ್ ಕುಡಿಯುತ್ತಿರುವ ಎಂಜಿನ್ನಿಗೆ ಆ ಮಾತು ಸರಿ. ಒಳ್ಳೆಯ ಸ್ಥಿತಿಯಲ್ಲಿರುವ ಎಂಜಿನ್ನಿಗೆ ದಪ್ಪ ಆಯಿಲ್ ಬೇಡ, ಪಿಕಪ್ಪೂ ಮೈಲೇಜೂ ತುಸು ಕುಗ್ಗುತ್ತವೆ. ಅದಕ್ಕಿಂತ ಮುಖ್ಯವಾಗಿ ಬಾಟಲಿಯ ಹಿಂಬದಿಯಲ್ಲಿ ಜಾಸೊ ಎಂಎ ಅಥವಾ ಎಂಎ2 ಎಂಬ ದರ್ಜೆ (ಬೈಕ್ ಆಯಿಲ್‌ಗಳ ಜಪಾನಿ ಮಾನದಂಡ) ಇದೆಯೇ ನೋಡಿ. ಸ್ಪ್ಲೆಂಡರಿನ ಕ್ಲಚ್ ಪ್ಲೇಟುಗಳು ಎಂಜಿನ್ ಆಯಿಲ್‌ನಲ್ಲೇ ಮುಳುಗಿರುತ್ತವೆ. ಸ್ಕೂಟರ್ ಆಯಿಲ್ ಬಹುಪಾಲು ಎಂಬಿ ದರ್ಜೆಯದು, ಜಾರಿಕೆ ಹೆಚ್ಚು. ಮನೆಯಲ್ಲಿ ಆಕ್ಟಿವಾ ಕೂಡ ಇದ್ದರೆ ಅದರ ಉಳಿಕೆ ಆಯಿಲನ್ನು ಇದಕ್ಕೆ ಸುರಿಯಬೇಡಿ. ಕ್ಲಚ್ ಜಾರಿ, ದೇವರಾಯನದುರ್ಗದ ಏರಿನಲ್ಲಿ ಎಂಜಿನ್ ಕೂಗುತ್ತದೆ, ಬೈಕ್ ಮಾತ್ರ ಮುಂದೆ ಹೋಗುವುದಿಲ್ಲ.

ಮನೆಯಲ್ಲಿ ಬದಲಿಸುವ ಸುಖವೇ ಬೇರೆ. ಐದು ನಿಮಿಷ ಓಡಿಸಿ ತಂದು, ಸಮನೆಲದಲ್ಲಿ ಡಬಲ್ ಸ್ಟ್ಯಾಂಡ್ ಹಾಕಿ. ಆಯಿಲ್ ಬೆಚ್ಚಗಿದ್ದರೆ ಸಾಕು, ಕುದಿಯುವಷ್ಟು ಬಿಸಿ ಬೇಡ. ಡ್ರೈನ್ ಬೋಲ್ಟ್ ಸುತ್ತಲಿನ ಮಣ್ಣನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ ತೆಗೆಯಿರಿ. ನಮ್ಮ ಕ್ವಾರಿ ರಸ್ತೆಗಳ ಧೂಳು ಅಲ್ಲಿ ಗಾರೆಯಂತೆ ಕೂತಿರುತ್ತದೆ, ಬೋಲ್ಟ್ ಬಿಚ್ಚಿದಾಗ ಒಳಗೆ ಬೀಳಬಾರದು. ಮೊದಲು ಮೇಲಿನ ಆಯಿಲ್ ಕಡ್ಡಿ ಬಿಚ್ಚಿ, ಆಮೇಲೆ ಕೆಳಗೆ 17 ನಂಬರ್ ರಿಂಗ್ ಸ್ಪ್ಯಾನರ್. ಕೊನೆಯ ಸುತ್ತುಗಳನ್ನು ಕೈಯಲ್ಲೇ ಬಿಚ್ಚಿ, ಬೋಲ್ಟನ್ನು ಸರಕ್ಕನೆ ಪಕ್ಕಕ್ಕೆಳೆದರೆ ಕೈ ಮಸಿಯಾಗುವುದಿಲ್ಲ. ಧಾರೆ ಎಳೆಯಾಗಿ, ಎಳೆ ಹನಿಯಾಗಿ, ಹನಿ ನಿಲ್ಲುವವರೆಗೂ ಕಾಯಿರಿ. ಶೋರೂಮಿನಲ್ಲಿ ಈ ಕಾಯುವಿಕೆಗೆ ಪುರುಸೊತ್ತಿಲ್ಲ. ಇಳಿದ ಆಯಿಲನ್ನು ಬಿಸಿಲಿಗೆ ಹಿಡಿದು ನೋಡಿ. ಕಪ್ಪಾಗಿದ್ದರೆ ಗಾಬರಿ ಬೇಡ. ಲೋಹದ ಚೂರು ಕಂಡರೆ, ಅಥವಾ ಹಾಲು ಬೆರೆಸಿದಂತೆ ಬೆಳ್ಳಗಿದ್ದರೆ ಮೆಕ್ಯಾನಿಕ್ ಹತ್ತಿರ ಹೋಗಿ.

ಬೋಲ್ಟಿಗೆ ಪ್ರತಿಸಲ ಹೊಸ ವಾಷರ್ ಹಾಕಿ. ಹಳೆಯದು ಒತ್ತಿ ಚಪ್ಪಟೆಯಾಗಿರುತ್ತದೆ. ಸೋರದಿರಲಿ ಎಂದು ಜನ ಬೋಲ್ಟನ್ನೇ ಇನ್ನಷ್ಟು ಬಿಗಿಯುತ್ತಾರೆ, ಅಲ್ಯೂಮಿನಿಯಂ ಕೇಸಿನ ಥ್ರೆಡ್ ಹೋಗುವುದೇ ಹೀಗೆ. ಕೈಯಲ್ಲಿ ಪೂರ್ತಿ ತಿರುಗಿಸಿ, ಆಮೇಲೆ ಗಿಡ್ಡ ಸ್ಪ್ಯಾನರಿನಿಂದ ಗಟ್ಟಿಯಾಗುವಷ್ಟು ಮಾತ್ರ ಬಿಗಿಯಿರಿ. ಸ್ಪ್ಯಾನರಿಗೆ ಪೈಪ್ ಸಿಕ್ಕಿಸುವುದು ಖಂಡಿತ ಬೇಡ.

ಬಾಟಲಿಯನ್ನು ಒಮ್ಮೆಗೇ ಖಾಲಿ ಮಾಡಬೇಡಿ. ಮೊದಲು ಮುಕ್ಕಾಲು ಲೀಟರ್ ಹಾಕಿ, ಎರಡು ಮೂರು ನಿಮಿಷ ಐಡಲ್‌ನಲ್ಲಿ ಬಿಟ್ಟು, ಆರಿಸಿ, ಅಷ್ಟೇ ಹೊತ್ತು ಕಾದು ಕಡ್ಡಿ ನೋಡಿ. ಕಡ್ಡಿಯನ್ನು ತಿರುಗಿಸದೆ ಸುಮ್ಮನೆ ಇಳಿಸಿ ತೆಗೆಯಬೇಕು. ಮೇಲಿನ ಗೆರೆ ದಾಟದಂತೆ ಸ್ವಲ್ಪಸ್ವಲ್ಪವೇ ಸೇರಿಸಿ. ಖಾಲಿ ಬಾಟಲಿಗೆ ಮೊಳೆಯಿಂದ ತೂತು ಹೊಡೆದೇ ಗುಜರಿಗೆ ಕೊಡಿ, ಇಲ್ಲದಿದ್ದರೆ ಅದರಲ್ಲಿ ನಕಲಿ ಆಯಿಲ್ ತುಂಬಿ ಮತ್ತೆ ಮಾರುವವರಿದ್ದಾರೆ. ಹಳೆಯ ಆಯಿಲ್ ಗ್ಯಾರೇಜಿನ ಡ್ರಮ್ಮಿಗೆ ಹೋಗಲಿ. ಚರಂಡಿಗೆ ಸುರಿದದ್ದು ಕೊನೆಗೆ ಕೆರೆ ಸೇರುತ್ತದೆ.

ಇಷ್ಟು ಹೇಳಿದ ಮೇಲೆ ಶೋರೂಮಿನ ಪರವಾಗಿಯೂ ಒಂದು ಮಾತು ಹೇಳಬೇಕು. ಆ ಬಟ್ಟಲಿನ ಕೆಲಸ ಮನೆಯಲ್ಲಿ ಸಲೀಸಲ್ಲ. ಕಿಕ್ಕರ್ ತೆಗೆಯಬೇಕು, ಕ್ಲಚ್ ಕೇಬಲ್ ಬಿಡಿಸಬೇಕು, ಕವರಿನ ಉದ್ದ ಗಿಡ್ಡ ಬೋಲ್ಟುಗಳು ಅದಲುಬದಲಾಗದಂತೆ ಇಡಬೇಕು. ಅಂಟಿಕೊಂಡ ಗ್ಯಾಸ್ಕೆಟ್ಟನ್ನು ಗೀರು ಬೀಳದಂತೆ ಕೆರೆಯಬೇಕು, ಗೀರು ಬಿದ್ದರೆ ಅಲ್ಲೇ ಸೋರಿಕೆ. ಬಟ್ಟಲ ಮುಚ್ಚಳದ ಪ್ಲಸ್ ಸ್ಕ್ರೂಗಳು ಸಾಮಾನ್ಯ ಸ್ಕ್ರೂಡ್ರೈವರಿಗೆ ತಲೆ ಕೆಡಿಸಿಕೊಳ್ಳುತ್ತವೆ. ಸುತ್ತಿಗೆಯಿಂದ ಹೊಡೆದು ತಿರುಗಿಸುವ ಇಂಪ್ಯಾಕ್ಟ್ ಡ್ರೈವರ್ ಬೇಕು. ಸಾಲುಗಟ್ಟಿ ನಿಂತ ಬೈಕುಗಳ ನಡುವೆ, ಯಾರೂ ಕೇಳದ ಕೆಲಸಕ್ಕೆ ಮೆಕ್ಯಾನಿಕ್ ಇಷ್ಟು ಹೊತ್ತು ಕೊಡದಿರುವುದು ಅರ್ಥವಾಗುತ್ತದೆ. ‘ಸೆಂಟ್ರಿಫ್ಯೂಗಲ್ ಫಿಲ್ಟರ್ ಕ್ಲೀನಿಂಗ್, ಹೊಸ ಗ್ಯಾಸ್ಕೆಟ್’ ಎಂದು ಜಾಬ್ ಕಾರ್ಡಿನಲ್ಲಿ ಬರೆಸಿದಾಗ ಅದೇ ಶೋರೂಮಿನವರು ಅಚ್ಚುಕಟ್ಟಾಗಿ ಮಾಡಿಕೊಟ್ಟರು, ಆಯಿಲ್ ಸೋಸುವ ಕೆಳಗಿನ ಜಾಲರಿಯನ್ನೂ ತೊಳೆದರು.

ಈಗ ಆಯಿಲ್ ಬದಲಾವಣೆ ಮನೆಯಲ್ಲಿ, ಎರಡು ಬದಲಾವಣೆಗೊಮ್ಮೆ ಬಟ್ಟಲಿಗಾಗಿ ಶೋರೂಮು. ವಾರಂಟಿ ಇನ್ನೂ ಇರುವವರು ಎಲ್ಲ ಸರ್ವಿಸನ್ನೂ ಅಲ್ಲೇ ಮಾಡಿಸಿ, ಬುಕ್ಕಿನಲ್ಲಿ ಸೀಲು ತಪ್ಪಬಾರದು. ದುಡ್ಡಿನ ಲೆಕ್ಕದಲ್ಲಿ ಮನೆಯ ಕೆಲಸದಿಂದ ಉಳಿಯುವುದು ಲೇಬರ್ ಚಾರ್ಜು ಮಾತ್ರ, ಆಯಿಲಿನ ಎಂಆರ್‌ಪಿ ಎರಡೂ ಕಡೆ ಒಂದೇ. ಬೈಕ್ ಬಿಡುವಾಗ ಗ್ಯಾಸ್ಕೆಟ್ ಸ್ಟಾಕಿದೆಯೇ ಎಂದು ಮೊದಲೇ ಫೋನ್ ಮಾಡಿ ಕೇಳಿ. ಇಲ್ಲವೆಂದರೆ ಹಳೆಯದಕ್ಕೇ ಪೇಸ್ಟ್ ಬಳಿದು ಕೂರಿಸಲು ಒಪ್ಪಬೇಡಿ.