ಅಂಚೆಯ ಕೆಂಪು ಬೈಕು, ಅದರ ಹೊಸ ಪೀಳಿಗೆ ಮತ್ತು ಒಂದು ಸ್ಕೂಟರ್

ಮೆಲ್ಬರ್ನ್‌ನಲ್ಲಿ ನನ್ನ ಮನೆಯಿಂದ ಕೆಲಸದ ಜಾಗಕ್ಕೆ 9 ಕಿ.ಮೀ. ದೂರವಿದೆ. ಇಷ್ಟು ದಾರಿಗೆ ಎರಡನೇ ಕಾರು ಸಾಕುವುದು ಬೇಡವೆಂದು ತೀರ್ಮಾನಿಸಿ, ಎರಡು ವರ್ಷಗಳಲ್ಲಿ ಮೂರು ಹಳೆಯ ಗಾಡಿಗಳನ್ನು ಓಡಿಸಿ ನೋಡಿದೆ. ಮೊದಲನೆಯದು 900 ಡಾಲರ್ ಕೊಟ್ಟು ಕೊಂಡ 50 ಸಿಸಿ ಸ್ಕೂಟರ್. ಎರಡನೆಯದು ಆಸ್ಟ್ರೇಲಿಯಾದ ಅಂಚೆ ಇಲಾಖೆ 1980ರ ದಶಕದಿಂದ ಮನೆಮನೆಗೆ ಕಾಗದ ಹಂಚಲು ಬಳಸಿದ, ಇಲ್ಲಿಯವರು ಪ್ರೀತಿಯಿಂದ ‘ಪೋಸ್ಟಿ ಬೈಕ್’ ಎಂದು ಕರೆಯುವ ಹೋಂಡಾ ಸಿ.ಟಿ.110. ಮೂರನೆಯದು ಅದರ ನಂತರ ಅದೇ ಕೆಲಸಕ್ಕೆ ಬಂದ ಎನ್.ಬಿ.ಸಿ.110, ಇದನ್ನು ಗೆಳೆಯನಿಂದ ಎರಡು ವಾರಕ್ಕೆ ಎರವಲು ಪಡೆದಿದ್ದೆ. ಈಗ ನನ್ನ ಮನೆಯಲ್ಲಿ ಉಳಿದಿರುವುದು ಸಿ.ಟಿ.110, ಮತ್ತು ಅದನ್ನು ಮಾರುವ ಯೋಚನೆ ನನಗಿಲ್ಲ.

ಸ್ಕೂಟರಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಇಲ್ಲಿನ ಇನ್ನೊಂದು ರಾಜ್ಯವಾದ ಕ್ವೀನ್ಸ್‌ಲ್ಯಾಂಡಿನಲ್ಲಿ ಕಾರಿನ ಲೈಸೆನ್ಸಿನಲ್ಲೇ 50 ಸಿಸಿ ಗಾಡಿ ಓಡಿಸಬಹುದು. ಮೆಲ್ಬರ್ನ್ ಇರುವ ವಿಕ್ಟೋರಿಯಾ ರಾಜ್ಯದಲ್ಲಿ ಅದಕ್ಕೂ ಮೋಟಾರ್‌ಸೈಕಲ್ ಲೈಸೆನ್ಸೇ ಬೇಕು. ಆದ್ದರಿಂದ ಇಲ್ಲಿ ಅಷ್ಟು ಚಿಕ್ಕ ಇಂಜಿನ್ನಿಗೆ ಒಗ್ಗಿಕೊಳ್ಳುವುದರಲ್ಲಿ ಲಾಭವೇನೂ ಇಲ್ಲ. ಮಳೆಯಲ್ಲಿ ಟ್ರಾಮ್ ಹಳಿಯನ್ನು ಓರೆಯಾಗಿ ದಾಟುವಾಗ ಅದರ ಪುಟ್ಟ ಚಕ್ರ ಎರಡು ಸಲ ಜಾರಿತು. ಎರಡನೇ ಸಲದ ಮರುದಿನವೇ ಅದನ್ನು ಮಾರಾಟಕ್ಕಿಟ್ಟೆ.

ಸಿ.ಟಿ.110ನ್ನು ಹರಾಜಿನಲ್ಲಿ 1,300 ಡಾಲರಿಗೆ ಕೊಂಡೆ. ಊರಿನಲ್ಲಿ ಹತ್ತು ವರ್ಷ ಸ್ಪ್ಲೆಂಡರ್ ಓಡಿಸಿದ ಕಾಲಿಗೆ ಇದರ ಗೇರು ಹೊಸದಲ್ಲ: ಮುಂಗಾಲಿನಿಂದ ತುಳಿದರೆ ಮೇಲಿನ ಗೇರು, ಹಿಮ್ಮಡಿಯಿಂದ ತುಳಿದರೆ ಕೆಳಗಿನದು. ಆದರೆ ಕ್ಲಚ್ ತಾನಾಗಿಯೇ ಕೆಲಸ ಮಾಡುವುದರಿಂದ ಅದಕ್ಕೆ ಹಿಡಿಯಿಲ್ಲ, ಆ ಜಾಗದಲ್ಲಿರುವುದು ಹಿಂದಿನ ಬ್ರೇಕಿನ ಹಿಡಿ. ಮೊದಲ ವಾರ ಸಿಗ್ನಲ್ ಬಂದಾಗಲೆಲ್ಲ ಎಡಗೈ ರೂಢಿಯಂತೆ ಅದನ್ನು ಅದುಮುತ್ತಿತ್ತು, ಹಿಂದಿನ ಚಕ್ರ ಸಿಕ್ಕಿಕೊಂಡು ಕಿರ್ರೆನ್ನುತ್ತಿತ್ತು. ಬೆರಳುಗಳನ್ನು ಹಿಡಿಯ ಮೇಲಿಡದೆ ಹ್ಯಾಂಡಲಿಗೆ ಸುತ್ತಿ ಹಿಡಿಯುವುದನ್ನು ಕಲಿತ ಮೇಲೆ ಅದು ನಿಂತಿತು.

ನಿಜವಾಗಿ ಕಾಡಿದ್ದು ಹ್ಯಾಂಡಲಿನ ಬುಡ. ಹರಾಜಿನ ಬೈಕಿನ ಮೀಟರಿನಲ್ಲಿ 28,000 ಕಿ.ಮೀ. ಎಂದಿತ್ತು, ನಾನು ಅದನ್ನು ನೋಡಿಯೇ ಸಮಾಧಾನಪಟ್ಟಿದ್ದೆ. ಆದರೆ ಅಂಚೆಯ ಬೈಕು ಕ್ರಮಿಸುವ ದಾರಿ ಬೇರೆಯವರ ದಾರಿಯಂತಲ್ಲ. ಮುಂದೆ ಕಾಗದದ ಹೊರೆ ಹೊತ್ತು, ಫುಟ್‌ಪಾತಿನ ಅಂಚನ್ನು ಹತ್ತಿ ಇಳಿದು, ಪ್ರತಿ ಮನೆಯ ಪೆಟ್ಟಿಗೆಯ ಮುಂದೆ ನಿಂತು ಹೊರಡುವ ಗಾಡಿಗೆ ಕಿಲೋಮೀಟರುಗಳ ಲೆಕ್ಕ ಸಾಲದು. ಅದರ ಬ್ರೇಕ್ ಶೂ, ಕ್ಲಚ್, ಬೇರಿಂಗುಗಳ ಆಯಸ್ಸನ್ನು ಎಷ್ಟು ಸಲ ನಿಂತಿತು ಎಂಬುದರಿಂದ ಅಳೆಯಬೇಕು.

ವಿಕ್ಟೋರಿಯಾದಲ್ಲಿ ಹಳೆಯ ಗಾಡಿಯನ್ನು ನಮ್ಮ ಹೆಸರಿಗೆ ನೋಂದಾಯಿಸಲು ಅದು ರಸ್ತೆಯಲ್ಲಿ ಓಡಿಸಲು ಯೋಗ್ಯವಾಗಿದೆ ಎನ್ನುವ ರೋಡ್‌ವರ್ದಿ ಪ್ರಮಾಣಪತ್ರ ಬೇಕು. ಪರೀಕ್ಷಿಸಿದವರು ಮುಂದಿನ ಚಕ್ರವನ್ನು ನೆಲದಿಂದ ಎತ್ತಿ, ಹ್ಯಾಂಡಲನ್ನು ಒಂದು ಬೆರಳಿನಿಂದ ಮೆಲ್ಲಗೆ ತಿರುಗಿಸಿ ತೋರಿಸಿದರು. ನಟ್ಟನಡುವೆ ಬಂದಾಗ ಅದು ‘ಟಕ್’ ಎಂದು ಒಂದು ಗುಳಿಯಲ್ಲಿ ಕೂತುಬಿಡುತ್ತಿತ್ತು. ನಮ್ಮೂರಿನ ಮೆಕ್ಯಾನಿಕ್‌ಗಳು ಕೋನ್‌ಸೆಟ್ (ಹ್ಯಾಂಡಲ್ ತಿರುಗುವ ಬೇರಿಂಗು) ಹೋಗಿದೆ ಎನ್ನುವುದು ಇದಕ್ಕೇ. ಪ್ರಮಾಣಪತ್ರ ಸಿಗಲಿಲ್ಲ. ಒಂದು ಶನಿವಾರ ಇಡೀ ಗ್ಯಾರೇಜಿನಲ್ಲಿ ಕುಳಿತು ಬಿಚ್ಚಿದಾಗ, ಬಿಡಿಬಿಡಿಯಾದ ಉಕ್ಕಿನ ಗುಂಡುಗಳು ಒಣಗಿ ಕಂದುಬಣ್ಣಕ್ಕೆ ತಿರುಗಿದ ಗ್ರೀಸಿನೊಂದಿಗೆ ಹಾಸಿದ ಟವೆಲಿನ ಮೇಲೆ ಉದುರಿದವು. ಗುಂಡುಗಳನ್ನು ಹಿಡಿದಿಡುವ ಬೇರಿಂಗಿನ ಬಟ್ಟಲಿನ ಒಳಮೈಯಲ್ಲಿ ಅವು ಕೂತ ಗುಳಿಗಳು ಉಗುರಿಗೆ ತಾಗುವಷ್ಟು ಆಳವಾಗಿದ್ದವು. ಬಿಡಿಭಾಗ, ಬ್ರೇಕ್ ಶೂ, ಮರುಪರೀಕ್ಷೆ ಎಲ್ಲ ಸೇರಿ 420 ಡಾಲರ್ ಮತ್ತು ಮೂರು ವಾರ ಹೋಯಿತು. ಕೊಳ್ಳುವ ಮೊದಲು ನಾನೇ ಆ ಒಂದು ಬೆರಳಿನ ಪರೀಕ್ಷೆ ಮಾಡಿದ್ದರೆ ಬೆಲೆಯಲ್ಲಿ ಅಷ್ಟನ್ನೂ ಇಳಿಸಿ ಕೇಳಬಹುದಿತ್ತು ಎಂಬ ಬೇಸರ ಇನ್ನೂ ಹೋಗಿಲ್ಲ.

ಎನ್.ಬಿ.ಸಿ.110 ಚಳಿಗಾಲದ ಬೆಳಗ್ಗೆ ಗುಂಡಿ ಒತ್ತಿದ ಕೂಡಲೇ ಚಾಲೂ ಆಗುತ್ತದೆ. ನನ್ನದಕ್ಕೆ ಚೋಕ್ ಎಳೆದು ಕಿಕ್ ಹೊಡೆಯಬೇಕು. ಅದು ಇಂಧನ ಇಂಜೆಕ್ಷನ್ ಇರುವ ಗಾಡಿಯಾದ್ದರಿಂದ ಓಟವೂ ನಯವಾಗಿದೆ. ಆದರೆ ಅಂಥದ್ದಕ್ಕೆ ನನಗೆ ಸಿಕ್ಕ ಕಡಿಮೆ ಬೆಲೆ 2,900 ಡಾಲರ್. ಕಾರ್ಬುರೇಟರನ್ನು ಮೇಜಿನ ಮೇಲೆ ಬಿಚ್ಚಿ ತೊಳೆದು ಜೋಡಿಸಬಲ್ಲವನಿಗೆ, ಬೆಳಗಿನ ಎರಡು ಕಿಕ್ಕುಗಳನ್ನು ಉಳಿಸಲು ದುಡ್ಡನ್ನು ಹೆಚ್ಚುಕಡಿಮೆ ದುಪ್ಪಟ್ಟು ಮಾಡುವುದು ಸರಿಯೆನಿಸಲಿಲ್ಲ. ಕೈಗೆ ಗ್ರೀಸು ಹತ್ತುವುದು ಬೇಡವೆನ್ನುವವರು ಅದನ್ನೇ ಕೊಳ್ಳಲಿ, ನಾನು ತಡೆಯುವುದಿಲ್ಲ.

ನನ್ನ ಸಿ.ಟಿ.110 ಲೀಟರಿಗೆ 45 ಕಿ.ಮೀ. ಆಸುಪಾಸು ಕೊಡುತ್ತಿದೆ. ಚೈನು ಪೂರ್ತಿ ಮುಚ್ಚಿರುವುದರಿಂದ ಮಳೆಗಾಲದಲ್ಲೂ ಪ್ಯಾಂಟಿಗೆ ಎಣ್ಣೆಯ ಕಲೆಯಿಲ್ಲ. ಕಾಗದ ಹೊತ್ತ ಹಿಂದಿನ ದೊಡ್ಡ ಕ್ಯಾರಿಯರಿನ ಮೇಲೆ 10 ಕಿಲೋ ಸೋನಾಮಸೂರಿ ಚೀಲ ಅಲುಗದೆ ಕೂರುತ್ತದೆ. ವಿಕ್ಟೋರಿಯಾದಲ್ಲಿ ನಿಷೇಧದ ಫಲಕವಿಲ್ಲದ ಕಡೆ, ನಡೆಯುವವರಿಗೆ ಅಡ್ಡಿಯಾಗದಂತೆ ಫುಟ್‌ಪಾತಿನ ಮೇಲೆ ಬೈಕು ನಿಲ್ಲಿಸಬಹುದು. ಕಾರಿನ ಪಾರ್ಕಿಂಗಿಗೆ ದಿನವೂ ಕೊಡುತ್ತಿದ್ದ ದುಡ್ಡನ್ನು ಲೆಕ್ಕ ಹಾಕಿದರೆ ದುರಸ್ತಿಯ 420 ಡಾಲರ್ ಎರಡೇ ತಿಂಗಳಲ್ಲಿ ಹುಟ್ಟಿತು. ಫ್ರೀವೇಗೆ ಇದು ಖಂಡಿತ ಆಗದು: 80 ದಾಟುವುದಕ್ಕೇ ಏದುಸಿರು ಬಿಡುತ್ತದೆ. ನನ್ನ ದಾರಿಯಲ್ಲಿ ವೇಗದ ಮಿತಿ ಎಲ್ಲಿಯೂ 60 ಮೀರುವುದಿಲ್ಲ. ಇರುವುದು ಒಂದೇ ಸೀಟು, ಹಾಗಾಗಿ ಮಗಳನ್ನು ಈಜು ತರಗತಿಗೆ ಬಿಡುವ ಬುಧವಾರ ಮಾತ್ರ ಮನೆಯ ಕಾರು ನನ್ನ ಪಾಲಿಗೆ ಬರುತ್ತದೆ.