ದೂರದ ಡೀಲರ್‌ಗೆ ಟೋಕನ್ ಕಳಿಸುವ ಮುಂಚೆ ಇದನ್ನು ಓದಿ

ಬೇರೆ ಊರಿನ ಡೀಲರ್ ಹತ್ತಿರ, ಫೋಟೊ ನೋಡಿ ಫೋನಿನಲ್ಲೇ ಮಾತು ಮುಗಿಸಿ ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳುವ ಯೋಚನೆ ಇದ್ದರೆ, ಹಣ ಕಳಿಸುವ ಮುಂಚೆ ಇದನ್ನು ಪೂರ್ತಿ ಓದಿ. ನಾನು ಗಾಡಿ ತರಲಿಲ್ಲ. ಟೋಕನ್ ಹಣ ವಾಪಸ್ ಬಂತು, ಆದರೆ ಅವರು ಕೊಟ್ಟಿದ್ದರಿಂದ ಅಲ್ಲ. ಡೀಲರ್ ಹೆಸರು ಬರೆಯುತ್ತಿಲ್ಲ. ಈ ಆಟ ಆಡುವವರು ಅವರೊಬ್ಬರೇ ಅಲ್ಲ, ಆಟ ಹೇಗೆ ನಡೆಯುತ್ತದೆ ಅನ್ನೋದು ಗೊತ್ತಿದ್ದರೆ ಸಾಕು.

ಜಾಹೀರಾತಿನಲ್ಲಿ ತಪ್ಪು ಹುಡುಕುವಂಥದ್ದು ಏನೂ ಇರಲಿಲ್ಲ. ಸಿಂಗಲ್ ಓನರ್, ಆಕ್ಸಿಡೆಂಟ್ ಆಗಿಲ್ಲ, ಕಡಿಮೆ ಓಡಿದೆ, ಸರ್ವಿಸ್ ಎಲ್ಲಾ ಕಂಪನಿಯಲ್ಲೇ. ಬೆಲೆ ಬೇರೆ ಕಡೆ ಕೇಳಿದ್ದಕ್ಕಿಂತ ಸ್ವಲ್ಪ ಮಾತ್ರ ಕಡಿಮೆ. ತೀರಾ ಅಗ್ಗಕ್ಕೆ ಹಾಕಿದರೆ ಜನ ಅನುಮಾನ ಪಡುತ್ತಾರೆ ಅನ್ನೋದು ಅವರಿಗೂ ಗೊತ್ತು.

ಫೋಟೊಗಳನ್ನು ನಿಧಾನಕ್ಕೆ ನೋಡಿದರೆ ಏನು ತೋರಿಸಿದ್ದಾರೆ ಅನ್ನೋದಕ್ಕಿಂತ ಏನು ತೋರಿಸಿಲ್ಲ ಅನ್ನೋದೇ ಜಾಸ್ತಿ ಹೇಳುತ್ತದೆ. ಇಲ್ಲಿ ಗಾಡಿಯ ಎಡಭಾಗದ ಫೋಟೊ ರಾಶಿ ಇತ್ತು, ಬಲಭಾಗದ್ದು ಒಂದೂ ಇರಲಿಲ್ಲ. ಡ್ಯಾಶ್‌ಬೋರ್ಡ್ ಫೋಟೊ ಇತ್ತು, ಆದರೆ ಕೀ ಆಫ್ ಮಾಡಿ ತೆಗೆದದ್ದು. ಕೀ ಆಫ್ ಇದ್ದರೆ ಮೀಟರೂ ಕಾಣಲ್ಲ, ವಾರ್ನಿಂಗ್ ಲೈಟೂ ಕಾಣಲ್ಲ. ಬೆಳಿಗ್ಗೆ ಮೊದಲ ಸಲ ಗಾಡಿ ಸ್ಟಾರ್ಟ್ ಮಾಡುವ ವಿಡಿಯೊ ಕಳಿಸಿ ಎಂದು ಕೇಳಿದೆ. ವಿಡಿಯೊ ಬಂತು. ಅದರಲ್ಲಿ ಟೆಂಪರೇಚರ್ ಮುಳ್ಳು ಆಗಲೇ ನಡುವಿಗೆ ಬಂದು ನಿಂತಿತ್ತು. ಅಂದರೆ ಗಾಡಿ ಅಷ್ಟೊತ್ತಿಗೆ ಚೆನ್ನಾಗಿ ಓಡಿ ಬಿಸಿಯಾಗಿದೆ. ಎಂಜಿನ್ನಿನ ಹೊಗೆ, ಕಟಕಟ ಸದ್ದು, ಸ್ಟಾರ್ಟ್ ಆಗೋಕೆ ಸತಾಯಿಸುವುದು, ಇವೆಲ್ಲ ಎದ್ದು ಕಾಣೋದು ತಣ್ಣಗಿದ್ದಾಗಲೇ.

ವಿಡಿಯೊ ಕಾಲ್ ಕೂಡ ಆಯಿತು. ಡೀಲರ್ ಕಡೆಯ ಹುಡುಗ ಫೋನ್ ಹಿಡಿದು ಗಾಡಿ ಸುತ್ತ ಓಡಾಡಿದ. ಎಲ್ಲೂ ನಿಲ್ಲಲಿಲ್ಲ. ಡಿಕ್ಕಿ ಒಳಗಿನ ಮ್ಯಾಟ್ ಎತ್ತಿ ಸ್ಟೆಪ್ನಿ ಇಡುವ ಗುಂಡಿ ತೋರಿಸಪ್ಪ ಅಂದೆ. ಹಿಂದಿನಿಂದ ಗುದ್ದಿಸಿಕೊಂಡ ಗಾಡಿಯಾದರೆ ಅಲ್ಲಿ ಲೋಹ ಸುಕ್ಕಾಗಿರುತ್ತದೆ, ನೀರಲ್ಲಿ ಮುಳುಗಿದ್ದರೆ ಮಣ್ಣು, ತುಕ್ಕು ಉಳಿದಿರುತ್ತದೆ. "ನೆಟ್‌ವರ್ಕ್ ಸರಿ ಇಲ್ಲ ಸರ್, ಆಮೇಲೆ ಫೋಟೊ ಹಾಕ್ತೀನಿ" ಅಂದ. ಆ ಫೋಟೊ ಬರಲೇ ಇಲ್ಲ.

ಆಮೇಲೆ ಶುರುವಾಗಿದ್ದು ಅವಸರ. ಸಂಜೆಯೊಳಗೆ ಇನ್ನೊಂದು ಪಾರ್ಟಿ ಬರ್ತಿದೆ, ಟೋಕನ್ ಹಾಕಿದರೆ ಗಾಡಿ ನಿಮ್ಮ ಹೆಸರಿಗೆ ಹಿಡಿದಿಡುತ್ತೇನೆ, ಇಷ್ಟವಾಗದಿದ್ದರೆ ಪೂರ್ತಿ ವಾಪಸ್. ನಾನು ಎರಡು ಷರತ್ತು ಹಾಕಿದೆ. ಹಣ ಕಾರ್ಡಿನಲ್ಲೇ ಕಟ್ಟುತ್ತೇನೆ, ವಾಪಸ್ ಕೊಡುವ ಮಾತನ್ನು ಮೆಸೇಜಿನಲ್ಲಿ ಬರೆದು ಕಳಿಸಬೇಕು. ಕಾರ್ಡ್ ಅಂದಾಗ ಡೀಲರ್ ಸ್ವಲ್ಪ ಗೊಣಗಿದ, ನೇರ ಅಕೌಂಟಿಗೆ ಹಾಕಿದರೆ ಬೇಗ ಆಗುತ್ತೆ ಅಂದ. ಬೇಗ ಆಗುತ್ತೆ ನಿಜ, ಯಾರಿಗೆ ಅನ್ನೋದೇ ಪ್ರಶ್ನೆ. ಕೊನೆಗೆ ಒಪ್ಪಿದ. ಇದೇ ಕರೆಯಲ್ಲಿ ಇನ್ನೊಂದು ಮಾತು ಕೇಳಿದ: "ವಾಪಸ್ ಗಾಡಿ ಓಡಿಸ್ಕೊಂಡೇ ಹೋಗ್ತೀರಾ ಸರ್?" ಕೇಳೋಕೆ ಕಾಳಜಿ ಥರ ಇದೆ, ಅಲ್ವಾ?

ಇಡೀ ವ್ಯವಹಾರ ನಿಂತಿರೋದು ಆ ಪ್ರಶ್ನೆಯ ಮೇಲೆ. ಮೋಸ ಮಾಡುವ ಡೀಲರ್‌ಗೆ ದೂರವೇ ಬಂಡವಾಳ. ಪಕ್ಕದ ಬೀದಿಯ ಗಿರಾಕಿ ಗಾಡಿ ನೋಡಿ ಮೂಗು ಮುರಿದು ಎದ್ದು ಹೋಗುತ್ತಾನೆ. ನೂರಾರು ಕಿಲೋಮೀಟರ್ ದೂರದಿಂದ ಬಂದವನು ರಜೆ ಹಾಕಿರುತ್ತಾನೆ, ನಿದ್ದೆಗೆಟ್ಟಿರುತ್ತಾನೆ, ಟೋಕನ್ ಕಟ್ಟಿರುತ್ತಾನೆ, ಮನೆಯಲ್ಲಿ ಕಾರು ತರ್ತೀನಿ ಅಂತ ಹೇಳಿ ಬಂದಿರುತ್ತಾನೆ. ಕಾರಿನಲ್ಲೇ ಮರಳುವ ಲೆಕ್ಕವಾದ್ದರಿಂದ ವಾಪಸ್ ಟಿಕೆಟ್ಟೂ ಇರುವುದಿಲ್ಲ. ಇಂಥವನು ಗಾಡಿಯಲ್ಲಿ ದೋಷ ಕಂಡರೂ ಹೋಗಲಿ ಬಿಡು ಅನ್ನುತ್ತಾನೆ. ಹಾಗಾಗಿ ಫೋನಿನಲ್ಲಿ ಸತ್ಯ ಹೇಳುವ ಅಗತ್ಯವೇ ಅವರಿಗಿಲ್ಲ. ನೀವು ಬಂದರೆ ಸಾಕು.

ನಾನು ಹೋದಾಗ ಗಾಡಿ ತೊಳೆದು, ಟೈರಿಗೆ ಪಾಲಿಶ್ ಹಾಕಿ ನಿಲ್ಲಿಸಿದ್ದರು. ಬಾನೆಟ್ ಮುಟ್ಟಿದರೆ ಬಿಸಿ. ಆ ಊರಿನ ಒಬ್ಬ ಮೆಕ್ಯಾನಿಕ್ಕನ್ನು ನಾನೇ ಹುಡುಕಿ, ದುಡ್ಡು ಕೊಟ್ಟು ಬರಹೇಳಿದ್ದೆ. ಡೀಲರ್ ಹೇಳಿದ ಮೆಕ್ಯಾನಿಕ್ ಬೇಡವೇ ಬೇಡ, ಅವನಿಗೆ ಅನ್ನ ಹಾಕುವವರು ಡೀಲರೇ. ನಮ್ಮ ಮನುಷ್ಯ ಬಲಗಡೆ ಬಾಗಿಲಿಗೆ ಪೇಂಟ್ ಅಳೆಯುವ ಮೀಟರ್ ಇಟ್ಟ. ಕಂಪನಿಯ ಪೇಂಟ್ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್ ಆಸುಪಾಸು ಇರುತ್ತದೆ. ಇಲ್ಲಿ ಅದು ಎಷ್ಟೋ ಪಟ್ಟು ಜಾಸ್ತಿ ತೋರಿಸಿತು. ಒಳಗಿರೋದು ನೆಗ್ಗು ಮುಚ್ಚಲು ಬಳಿಯುವ ಪುಟ್ಟಿ. ಅದೇ ಕಡೆಯ ಗಾಜಿನ ಮೂಲೆಯಲ್ಲಿ ಅಚ್ಚಾದ ಗುರುತು ನೋಡಿದರೆ ಆ ಗಾಜು ಗಾಡಿಗಿಂತ ಹೊಸದು. ಎಡಭಾಗದ ಫೋಟೊ ಮಾತ್ರ ಯಾಕೆ ಹಾಕಿದ್ದರು ಅನ್ನೋದು ಆಗ ತಿಳಿಯಿತು.

ನನಗೆ ನಿಜವಾಗಿ ಸಿಟ್ಟು ಬಂದಿದ್ದು ಏರ್‌ಬ್ಯಾಗ್ ವಿಷಯಕ್ಕೆ. ಕೀ ಆನ್ ಮಾಡಿದಾಗ ಏರ್‌ಬ್ಯಾಗ್ ದೀಪ ಕೆಲವು ಸೆಕೆಂಡ್ ಹತ್ತಿ ಆರಬೇಕು. ಹತ್ತಿ ಆರದೇ ಉಳಿದರೆ ದೋಷ ಇದೆ ಎಂದರ್ಥ. ಈ ಗಾಡಿಯಲ್ಲಿ ಅದು ಹತ್ತಲೇ ಇಲ್ಲ. ಅದು ಇನ್ನೂ ಕೆಟ್ಟದ್ದು, ಯಾಕೆಂದರೆ ಯಾರೋ ದೀಪವನ್ನೇ ಸುಮ್ಮನಾಗಿಸಿರಬಹುದು. ಏರ್‌ಬ್ಯಾಗ್ ಒಮ್ಮೆ ಬಿಚ್ಚಿಕೊಂಡರೆ ಹೊಸದು ಹಾಕಿಸಲು ತುಂಬಾ ಖರ್ಚು. ಅದನ್ನು ಉಳಿಸಿಕೊಳ್ಳಲು ಖಾಲಿ ಜಾಗಕ್ಕೆ ಬರೀ ಮುಚ್ಚಳ ಕೂರಿಸುವವರಿದ್ದಾರೆ. ಇದು ಸುಳ್ಳು ಬೆಲೆಗೆ ಮಾರುವ ಮಾತಲ್ಲ, ಆ ಸೀಟಿನಲ್ಲಿ ಕೂರುವವರ ಜೀವದ ಮಾತು.

ಸ್ಕ್ಯಾನರ್ ಹಾಕೋಕೆ ಹೋದಾಗ "ಅದೆಲ್ಲ ಯಾಕೆ ಸರ್, ಗಾಡಿ ಕಂಡೀಷನ್ ನೀವೇ ನೋಡ್ತಿದ್ದೀರಲ್ಲ" ಅಂದರು. ಸ್ಟೀರಿಂಗ್ ಕೆಳಗೆ, ಗಾಡಿಯ ಕಂಪ್ಯೂಟರ್ ಓದಲು ಸ್ಕ್ಯಾನರ್ ಸಿಕ್ಕಿಸುವ ಓಬಿಡಿ ಸಾಕೆಟ್ ಇರುತ್ತದೆ. ಅಮೆರಿಕದಲ್ಲಿ 1996ರಿಂದ, ಯುರೋಪಿನಲ್ಲಿ ಪೆಟ್ರೋಲ್ ಕಾರುಗಳಿಗೆ 2001ರಿಂದ ಇದು ಕಡ್ಡಾಯ. ಈಗ ಹೆಚ್ಚುಕಡಿಮೆ ಎಲ್ಲ ಕಡೆಯ ಕಾರುಗಳಲ್ಲೂ ಇದೆ. ಸ್ಕ್ಯಾನರಿನಲ್ಲಿ ಒಂದೂ ದೋಷ ಕಾಣಲಿಲ್ಲ. ಆದರೆ ಮೆಕ್ಯಾನಿಕ್ ಅಲ್ಲಿಗೇ ಬಿಡಲಿಲ್ಲ. ಕಂಪ್ಯೂಟರ್ ಬರೆದಿಟ್ಟುಕೊಂಡ ದೋಷದ ಕೋಡ್ ಅಳಿಸಿದ ಮೇಲೆ ಗಾಡಿ ಎಷ್ಟು ದೂರ ಓಡಿದೆ ಎಂಬ ಲೆಕ್ಕ ಅನೇಕ ಗಾಡಿಗಳ ಕಂಪ್ಯೂಟರಿನಲ್ಲಿ ಬೇರೆಯಾಗಿ ಉಳಿಯುತ್ತದೆ. ಅದನ್ನು ತೆಗೆದು ತೋರಿಸಿದ. ನಾನು ಬರುವ ಸ್ವಲ್ಪ ಮುಂಚೆಯಷ್ಟೇ ಎಲ್ಲವನ್ನೂ ಅಳಿಸಿದ್ದರು.

ಇನ್ನು ಕಿಲೋಮೀಟರ್ ತೋರಿಸುವ ಮೀಟರ್. ಡಿಜಿಟಲ್ ಮೀಟರ್ ಹಿಂದಕ್ಕೆ ತಿರುಗಿಸೋಕೆ ಆಗಲ್ಲ ಎಂದು ನಂಬಿದವರು ಬಹಳ ಜನ. ಅಮೆರಿಕದ ಹೆದ್ದಾರಿ ಸುರಕ್ಷತಾ ಇಲಾಖೆಯ ಅಂದಾಜಿನಲ್ಲಿ ಆ ಒಂದೇ ದೇಶದಲ್ಲಿ ವರ್ಷಕ್ಕೆ 4,50,000ಕ್ಕೂ ಹೆಚ್ಚು ಗಾಡಿಗಳು ಸುಳ್ಳು ಮೀಟರ್‌ನೊಂದಿಗೆ ಮಾರಾಟವಾಗುತ್ತವೆ. ಬೆಲ್ಜಿಯಂನಲ್ಲಿ ಇದಕ್ಕಾಗಿಯೇ 2006ರಿಂದ ಕಾರ್-ಪಾಸ್ ಎಂಬ ದಾಖಲೆ ಕಡ್ಡಾಯ ಮಾಡಿದ್ದಾರೆ, ಗ್ಯಾರೇಜಿಗೆ ಹೋದಾಗಲೆಲ್ಲ ಬರೆದುಕೊಂಡ ಮೀಟರ್ ಲೆಕ್ಕ ಅದರಲ್ಲಿ ಇರುತ್ತದೆ. ಅಂಥ ವ್ಯವಸ್ಥೆ ಇಲ್ಲದ ಕಡೆ ನಮಗೆ ಸರ್ವಿಸ್ ಬಿಲ್ಲುಗಳೇ ಗತಿ. ಚಾಸಿ ನಂಬರ್ ಕೊಟ್ಟು ಕಂಪನಿಯ ಸರ್ವಿಸ್ ಸೆಂಟರಿನಲ್ಲಿ ವಿಚಾರಿಸಿ, ಎಲ್ಲರೂ ಹೇಳದಿದ್ದರೂ ಕೆಲವರು ಹೇಳುತ್ತಾರೆ. ನನಗೆ ಡೀಲರ್ ಚಾಸಿ ನಂಬರ್ ಕೊಟ್ಟಿದ್ದು ಅಲ್ಲಿಗೆ ಹೋದ ಮೇಲೆ, ಅದೂ ನಾನೇ ಗಾಜಿನ ಕೆಳಗೆ ಬಗ್ಗಿ ಓದಿಕೊಂಡ ನಂತರ. ಅದು 17 ಅಕ್ಷರ, ಅಂಕಿಗಳ ಸಾಲು. ಸೊನ್ನೆ, ಒಂದರ ಜೊತೆ ಗೊಂದಲ ಆಗಬಾರದು ಎಂದು ಅದರಲ್ಲಿ ಇಂಗ್ಲಿಷಿನ ಐ, ಓ, ಕ್ಯೂ ಅಕ್ಷರಗಳನ್ನು ಬಳಸುವುದಿಲ್ಲ. ಮೆಸೇಜಿನಲ್ಲಿ ಕಳಿಸಿದ ನಂಬರಿನಲ್ಲಿ ಅವು ಕಂಡರೆ ಅದು ತಪ್ಪು ನಂಬರ್. ನಾನು ಓದಿಕೊಂಡ ನಂಬರ್ ಹಿಡಿದು ವಿಚಾರಿಸಿದಾಗ, ಕೊನೆಯ ಸರ್ವಿಸಿನಲ್ಲಿ ಬರೆದ ಕಿಲೋಮೀಟರ್ ಈಗಿನ ಮೀಟರಿಗಿಂತ ಜಾಸ್ತಿ ಇತ್ತು. ಗಾಡಿ ಹಿಂದಕ್ಕೆ ಓಡಿತ್ತೇನೋ!

ಟೈರ್ ಕೂಡ ನೋಡಿ. ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ. 2319 ಅಂದರೆ 2019ರ 23ನೇ ವಾರ ತಯಾರಾದದ್ದು. ಮೀಟರ್ 20 ಸಾವಿರ ತೋರಿಸುತ್ತಿದ್ದು ನಾಲ್ಕೂ ಟೈರ್ ಗಾಡಿಗಿಂತ ವರ್ಷಗಟ್ಟಲೆ ಹೊಸದಾಗಿದ್ದರೆ, ಹಳೆಯವು ಅಷ್ಟು ಬೇಗ ಯಾಕೆ ಸವೆದವು ಎಂದು ಕೇಳಲೇಬೇಕು.

ಇಷ್ಟೆಲ್ಲ ಆದ ಮೇಲೂ ಅವರು ಕಾಗದ ತಂದು ಮುಂದಿಟ್ಟರು. ಬೆಲೆ ಫೋನಿನಲ್ಲಿ ಹೇಳಿದ್ದಲ್ಲ. ಪ್ರೊಸೆಸಿಂಗ್ ಫೀಸ್, ಕೋಟಿಂಗ್, ನಾನು ಕೇಳದೇ ಇದ್ದ ಯಾವುದೋ ವಾರಂಟಿ ಪ್ಯಾಕೇಜ್. ಕೆಳಗೆ ಸಣ್ಣ ಅಕ್ಷರದಲ್ಲಿ ಎರಡು ಸಾಲು: ಗಾಡಿಯನ್ನು ಇದ್ದ ಸ್ಥಿತಿಯಲ್ಲೇ ಒಪ್ಪಿಕೊಂಡಿದ್ದೇನೆ, ಈ ಕಾಗದದಲ್ಲಿ ಇಲ್ಲದ ಬಾಯಿಮಾತು ಯಾವುದೂ ಲೆಕ್ಕಕ್ಕಿಲ್ಲ. ಸಹಿ ಹಾಕಿದರೆ ಫೋನಿನಲ್ಲಿ ಹೇಳಿದ್ದೆಲ್ಲ ಗಾಳಿಗೆ ಹೋಯಿತು. ಸಹಿ ಮಾಡುವ ಕಾಗದವನ್ನು ಹೊರಡುವ ಮುಂಚೆಯೇ ಕಳಿಸಿ ಎಂದು ಕೇಳಿ. ಕಳಿಸಲ್ಲ ಅಂದರೆ ಟಿಕೆಟ್ ಮಾಡಿಸಬೇಡಿ. ಟಿಕೆಟ್ ಮಾಡಿಸಿದರೆ ವಾಪಸ್ ಬರುವುದಕ್ಕೂ ಮಾಡಿಸಿ. ಗಾಡಿ ಚೆನ್ನಾಗಿದ್ದರೆ ಅದನ್ನು ಕ್ಯಾನ್ಸಲ್ ಮಾಡಿದರಾಯಿತು.

ಬೇಡ ಅಂದ ತಕ್ಷಣ ಮಾತಿನ ಧಾಟಿ ಬದಲಾಯಿತು. ಟೋಕನ್ ವಾಪಸ್ ಇಲ್ಲ, ನಿಮ್ಮಿಂದ ನಮಗೆ ಇನ್ನೊಂದು ಪಾರ್ಟಿ ತಪ್ಪಿಹೋಯಿತು ಅಂದರು. ನಾನು ಅಲ್ಲಿ ಕೂಗಾಡಲಿಲ್ಲ. ಮನೆಗೆ ಬಂದು ಬ್ಯಾಂಕಿಗೆ ದೂರು ಕೊಟ್ಟೆ. ಕಾರ್ಡಿನಲ್ಲಿ ಕಟ್ಟಿದ ಹಣಕ್ಕೆ ಚಾರ್ಜ್‌ಬ್ಯಾಕ್ ಕೇಳುವ, ಅಂದರೆ ಬ್ಯಾಂಕಿನ ಮೂಲಕವೇ ಹಣ ವಾಪಸ್ ತರಿಸುವ ದಾರಿ ಇದೆ. ಹೇಳಿದ ವಸ್ತು ಒಂದು, ಕೊಡಲು ಬಂದದ್ದು ಇನ್ನೊಂದು ಎಂದು ತೋರಿಸಬೇಕು. ಡೀಲರ್ ಬ್ಯಾಂಕಿಗೆ ಕೊಟ್ಟ ಉತ್ತರದಲ್ಲಿ, ಗಿರಾಕಿ ಮನಸ್ಸು ಬದಲಾಯಿಸಿದರು ಎಂದು ಬರೆದಿದ್ದರು. ನನ್ನ ಹತ್ತಿರ ವಾಪಸ್ ಕೊಡುತ್ತೇನೆ ಎಂಬ ಮೆಸೇಜ್ ಇತ್ತು, ಆಕ್ಸಿಡೆಂಟ್ ಆಗಿಲ್ಲ ಎಂಬ ಜಾಹೀರಾತಿನ ಸ್ಕ್ರೀನ್‌ಶಾಟ್ ಇತ್ತು, ಮೆಕ್ಯಾನಿಕ್ ಬರೆದುಕೊಟ್ಟ ರಿಪೋರ್ಟ್ ಇತ್ತು. ಜಾಹೀರಾತನ್ನು ಅವರು ಅಷ್ಟರಲ್ಲಿ ತೆಗೆದುಹಾಕಿದ್ದರು. ಹಾಗಾಗಿ ಸ್ಕ್ರೀನ್‌ಶಾಟನ್ನು ಮೊದಲ ಕರೆ ಮಾಡುವ ಮುಂಚೆಯೇ, ದಿನಾಂಕ ಕಾಣುವ ಹಾಗೆ ತೆಗೆದಿಡಿ. ಚಾರ್ಜ್‌ಬ್ಯಾಕ್‌ಗೆ ಗಡುವು ಇರುತ್ತದೆ. ಇವತ್ತು ಕೊಡ್ತೀವಿ ನಾಳೆ ಕೊಡ್ತೀವಿ ಎಂದು ಡೀಲರ್ ಎಳೆಯುವುದು ಆ ಗಡುವು ದಾಟಿಸೋಕೆ.